ಬಿಪಿ ಮಾತ್ರೆ: ಲಾಭ ಎಷ್ಟು, ಅಪಾಯ ಎಲ್ಲಿ, ಎಚ್ಚರ ಹೇಗೆ

ಬಿಪಿ ಮಾತ್ರೆ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. "ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ಬಿಡೋ ಹಾಗಿಲ್ವಂತೆ, ಹೌದಾ?" "ಕಿಡ್ನಿ ಹೋಗುತ್ತೆ ಅಂತಾರಲ್ಲ?" "ಈಗ 124 ಬಂದಿದೆ, ಇನ್ನು ನಿಲ್ಲಿಸಬಹುದಾ?" "ಕಾಲು ಊದಿದೆ, ಮಾತ್ರೆಯಿಂದಾನಾ?" ಪದೇ ಪದೇ ಇದನ್ನೇ ಕೇಳುತ್ತಿರುವುದರಿಂದ ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಈ ಮಾತ್ರೆಗಳಿಗೆ ಅಡ್ಡಪರಿಣಾಮ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹೆಚ್ಚಿನವಕ್ಕೆ ದಾರಿಯೂ ಇದೆ: ಪ್ರಮಾಣ ಇಳಿಸಬಹುದು, ಮಾತ್ರೆಯನ್ನೇ ಬದಲಾಯಿಸಬಹುದು. ಎಡವಟ್ಟಾಗುವುದು ಜಾಸ್ತಿ ಎಲ್ಲಿ ಗೊತ್ತಾ? ಯಾರಿಗೂ ಹೇಳದೆ ಮಾತ್ರೆ ಬಿಟ್ಟಾಗ, ಯಾರನ್ನೂ ಕೇಳದೆ ಇನ್ನೊಂದು ಮಾತ್ರೆ ಸೇರಿಸಿಕೊಂಡಾಗ.

ಓದುವಾಗ ಇವು ಕೈಗೆ ಸಿಗುವಂತಿರಲಿ: ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಡಾಕ್ಟರ್ ಚೀಟಿ, ಇತ್ತೀಚಿನ ರಕ್ತಪರೀಕ್ಷೆ ರಿಪೋರ್ಟ್, ಒಂದು ನೋಟ್‌ಬುಕ್. ಮನೆಯಲ್ಲಿ ತೋಳಿಗೆ ಕಟ್ಟುವ ಬಿಪಿ ಮೆಷಿನ್ ಇದ್ದರೆ ಇನ್ನೂ ಒಳ್ಳೆಯದು.

1. ಸ್ಟ್ರಿಪ್ ತಿರುಗಿಸಿ, ಒಳಗಿರುವ ಔಷಧದ ಹೆಸರು ಓದಿ

ಮುಂದೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾದ್ದು ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು. ಉದಾಹರಣೆಗೆ "ಟೆಲ್ಮಿಸಾರ್ಟಾನ್ 40 ಎಂಜಿ, ಆಮ್ಲೊಡಿಪಿನ್ 5 ಎಂಜಿ" ಅಂತ ಇದ್ದರೆ ಒಂದೇ ಮಾತ್ರೆಯೊಳಗೆ ಎರಡು ಔಷಧ ಇದೆ ಎಂದರ್ಥ. ಬ್ರ್ಯಾಂಡ್ ಹೆಸರಿನ ಕೊನೆಯಲ್ಲಿ "ಎಎಂ" ಇದ್ದರೆ ಸಾಮಾನ್ಯವಾಗಿ ಆಮ್ಲೊಡಿಪಿನ್ ಸೇರಿದೆ, "ಎಚ್" ಇದ್ದರೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದೆ.

ಹೆಸರಿನ ಬಾಲ ನೋಡಿದರೆ ಔಷಧ ಯಾವ ಗುಂಪಿನದ್ದು ಅಂತ ಗೊತ್ತಾಗುತ್ತದೆ:

- "ಡಿಪಿನ್" (ಆಮ್ಲೊಡಿಪಿನ್, ಸಿಲ್ನಿಡಿಪಿನ್, ನಿಫೆಡಿಪಿನ್): ರಕ್ತನಾಳದ ಗೋಡೆಯ ಬಿಗಿ ಸಡಿಲಿಸುತ್ತವೆ.
- "ಸಾರ್ಟಾನ್" (ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಓಲ್ಮೆಸಾರ್ಟಾನ್) ಮತ್ತು "ಪ್ರಿಲ್" (ಎನಾಲಾಪ್ರಿಲ್, ರಾಮಿಪ್ರಿಲ್): ರಕ್ತನಾಳ ಕಿರಿದಾಗಿಸುವ ಒಂದು ಹಾರ್ಮೋನನ್ನು ತಡೆಯುತ್ತವೆ.
- ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್: ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಹಾಕುತ್ತವೆ.
- "ಲಾಲ್" (ಅಟೆನಲಾಲ್, ಮೆಟೊಪ್ರೊಲಾಲ್, ಬೈಸೊಪ್ರೊಲಾಲ್): ನಾಡಿಬಡಿತ ನಿಧಾನ ಮಾಡುತ್ತವೆ. ಬೀಟಾ ಬ್ಲಾಕರ್ ಅನ್ನುವುದು ಇವುಗಳಿಗೇ.

ಇಲ್ಲಿ ಆಗುವ ಎಡವಟ್ಟು: ಒಬ್ಬ ಡಾಕ್ಟರ್ ಒಂದು ಬ್ರ್ಯಾಂಡ್ ಬರೆದಿರುತ್ತಾರೆ, ಆಮೇಲೆ ಬೇರೆ ಆಸ್ಪತ್ರೆಯಲ್ಲಿ ಇನ್ನೊಂದು ಬರೆದುಕೊಡುತ್ತಾರೆ. ಡಬ್ಬಿಯ ಬಣ್ಣ ಬೇರೆ, ಒಳಗಿರುವ ಔಷಧ ಒಂದೇ. ಹೀಗೆ ಗೊತ್ತಿಲ್ಲದೆ ಎರಡು ಪಟ್ಟು ತಗೊಳ್ಳುವವರು ಇದ್ದಾರೆ. ಇನ್ನೊಂದು ಗೊಂದಲ, "ಎಸ್-ಆಮ್ಲೊಡಿಪಿನ್" ಅಂತ ಇದ್ದರೆ ಅದರ 2.5 ಎಂಜಿ ಮಾಮೂಲಿ ಆಮ್ಲೊಡಿಪಿನ್‌ನ 5 ಎಂಜಿಗೆ ಸಮ. ಒಂದರ ಬದಲು ಇನ್ನೊಂದನ್ನು ಕೊಂಡಾಗ ಲೆಕ್ಕ ತಪ್ಪಬಾರದು. ಹೆಸರಿನ ಜೊತೆ "ಎಕ್ಸ್‌ಎಲ್", "ಇಆರ್", "ಎಸ್‌ಆರ್", "ರಿಟಾರ್ಡ್" ಅಂತಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಅಗಿಯಬೇಡಿ, ಪುಡಿ ಮಾಡಬೇಡಿ.

ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುವುದೂ ಇದೇ ಔಷಧಗಳು. ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ ನಮ್ಮ ಕ್ಲಿನಿಕ್‌ಗಳಲ್ಲಿ ಉಚಿತವಾಗಿ ಕೊಡುವುದೂ ಇವನ್ನೇ. ದುಡ್ಡಿನ ಕಾರಣಕ್ಕೆ ದಿನ ಬಿಟ್ಟು ದಿನ ನುಂಗುವುದಕ್ಕಿಂತ ಅಲ್ಲಿಗೆ ಹೋಗುವುದು ಎಷ್ಟೋ ವಾಸಿ.

2. ನಿಮಗೆ ಸಿಗುವ ಲಾಭ ಎಷ್ಟು ಅಂತ ತಿಳಿದುಕೊಳ್ಳಿ

ಬಿಪಿ ನೋಯುವುದಿಲ್ಲ. ಅದಕ್ಕೇ ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದು ದೇಹಕ್ಕೆ ತಿಳಿಯುವುದಿಲ್ಲ. ಮಾತ್ರೆ ನುಂಗುವುದು ಇವತ್ತಿನ ತಲೆನೋವಿಗಲ್ಲ. ಮುಂದಿನ ವರ್ಷಗಳಲ್ಲಿ ಬರಬಹುದಾದ ಪಾರ್ಶ್ವವಾಯು, ಹೃದಯಾಘಾತ, ಹೃದಯ ಸೋಲುವುದು, ಕಿಡ್ನಿ ಕೆಡುವುದು, ಇವನ್ನು ತಡೆಯುವುದಕ್ಕೆ.

ಲಕ್ಷಾಂತರ ಜನರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಬಿಪಿಯ ಮೇಲಿನ ಅಂಕಿ (140/90 ಅಂದರೆ ಅದರಲ್ಲಿ 140) 10 ಇಳಿದರೆ ಹೃದಯ ಮತ್ತು ರಕ್ತನಾಳದ ದೊಡ್ಡ ತೊಂದರೆಗಳು ಸುಮಾರು ಶೇ. 20 ಕಡಿಮೆಯಾಗುತ್ತವೆ. ಪಾರ್ಶ್ವವಾಯು ಅದಕ್ಕಿಂತಲೂ ಜಾಸ್ತಿ ತಗ್ಗುತ್ತದೆ.

ಈ ಶೇ. 20 ಎಲ್ಲರಿಗೂ ಒಂದೇ ತೂಕದ್ದಲ್ಲ. ಲೆಕ್ಕಕ್ಕೆ ಹೇಳುವುದಾದರೆ, ನಿಮ್ಮಂಥ 100 ಜನರಲ್ಲಿ ಹತ್ತು ವರ್ಷದಲ್ಲಿ 20 ಜನರಿಗೆ ತೊಂದರೆ ಬರುವಂತಿದ್ದರೆ ಅದು 16ಕ್ಕೆ ಇಳಿಯುತ್ತದೆ, ನಾಲ್ಕು ಜನ ಬಚಾವ್. ಬರುವುದೇ 5 ಜನರಿಗೆ ಅಂತಿದ್ದರೆ ಅದು 4 ಆಗುತ್ತದೆ, ಒಬ್ಬರು ಬಚಾವ್. ಸಕ್ಕರೆ ಕಾಯಿಲೆ ಇರುವವರು, ಕಿಡ್ನಿ ತೊಂದರೆ ಇರುವವರು, ಒಮ್ಮೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿರುವವರು, ಬೀಡಿ ಸಿಗರೇಟು ಸೇದುವವರು ಮೊದಲನೇ ಸಾಲಿನಲ್ಲಿರುತ್ತಾರೆ. ಅವರಿಗೆ ಲಾಭ ದೊಡ್ಡದು. ಬೇರೇನೂ ಕಾಯಿಲೆ ಇಲ್ಲದ 35 ವರ್ಷದವರಿಗೆ 142/88 ಬಂದರೆ ಡಾಕ್ಟರ್ ಮೊದಲು ಕೆಲವು ತಿಂಗಳು ಉಪ್ಪು, ತೂಕ, ನಡಿಗೆ, ಕುಡಿತದ ಕಡೆ ಗಮನ ಕೊಡಿ ಅನ್ನಬಹುದು. ಸಕ್ಕರೆ ಕಾಯಿಲೆ ಜೊತೆ 170 ಇರುವವರಿಗೆ ಕಾಯಲು ಸಮಯ ಇಲ್ಲ.

3. ನಿಮ್ಮ ಗುಂಪಿನ ಅಡ್ಡಪರಿಣಾಮ ಯಾವುದು ಅಂತ ತಿಳಿಯಿರಿ

ಇಡೀ ಪಟ್ಟಿ ಓದಿ ಹೆದರಬೇಡಿ. ನಿಮ್ಮ ಸ್ಟ್ರಿಪ್‌ನಲ್ಲಿ ಇರುವುದರದ್ದು ಮಾತ್ರ ಓದಿ.

*ಆಮ್ಲೊಡಿಪಿನ್.* ಮುಖ್ಯವಾದದ್ದು ಕಾಲಿನ ಊತ. ಸಂಜೆ ಹೊತ್ತಿಗೆ ಚಪ್ಪಲಿ ಪಟ್ಟಿ ಬಿಗಿಯಾಗುತ್ತದೆ, ಸಾಕ್ಸ್ ಗೆರೆ ಮೂಡುತ್ತದೆ. ಹಿಮ್ಮಡಿ ಗಂಟಿನ ಮೇಲೆ ಹೆಬ್ಬೆರಳಿನಿಂದ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಗುಳಿ ಬೀಳುತ್ತದೆ. 5 ಎಂಜಿಗಿಂತ 10 ಎಂಜಿಯಲ್ಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಇದು ಕಿಡ್ನಿ ಕೆಟ್ಟು ಬಂದ ಊತವಲ್ಲ. ಸಣ್ಣ ರಕ್ತನಾಳ ಹಿಗ್ಗಿ ಅದರೊಳಗಿನ ನೀರಿನಂಶ ಕಾಲಿನ ಕಡೆ ಇಳಿದು ನಿಲ್ಲುವುದರಿಂದ ಆಗುವ ಊತ. ಹಾಗಾಗಿ ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೆ ಇದು ಅಷ್ಟಾಗಿ ಇಳಿಯುವುದಿಲ್ಲ. ಅಂಗಡಿಗೆ ಹೋಗಿ "ಕಾಲು ಊದಿದೆ, ಏನಾದ್ರೂ ಕೊಡಿ" ಅಂತ ಕೇಳಿ ಇನ್ನೊಂದು ಮಾತ್ರೆ ಸೇರಿಸಿಕೊಳ್ಳುವುದು ತೀರಾ ಸಾಮಾನ್ಯ ತಪ್ಪು. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ, ಅದರ ಅಡ್ಡಪರಿಣಾಮಕ್ಕೆ ಮತ್ತೊಂದು, ಹೀಗೆ ಸರಪಳಿ ಬೆಳೆಯುತ್ತದೆ. ಸರಿಯಾದ ದಾರಿ, ಡಾಕ್ಟರಿಗೆ ತೋರಿಸಿ ಪ್ರಮಾಣ ಇಳಿಸುವುದು, ಸಾರ್ಟಾನ್ ಜೊತೆ ಸೇರಿಸುವುದು ಅಥವಾ ಬದಲಾಯಿಸುವುದು. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಮುಖವೂ ಊದಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಅದು ಮಾತ್ರೆಯದ್ದು ಅಂತ ಸುಮ್ನೆ ಕೂರಬೇಡಿ, ಬೇಗ ತೋರಿಸಿ. ಆಮ್ಲೊಡಿಪಿನ್‌ನಿಂದ ಕೆಲವರಿಗೆ ಒಸಡು ದಪ್ಪವಾಗುತ್ತದೆ. ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗ ಈ ಮಾತ್ರೆ ಹೆಸರು ಹೇಳಿ.

*ಪ್ರಿಲ್ ಮತ್ತು ಸಾರ್ಟಾನ್.* ಪ್ರಿಲ್ ಗುಂಪಿನ ಗುರುತು ಒಣಕೆಮ್ಮು. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಕೆರೆತ. ತಿಂಗಳುಗಟ್ಟಲೆ ಸಿರಪ್ ಕುಡಿದರೂ ಹೋಗದ ಕೆಮ್ಮು ಮಾತ್ರೆ ಬದಲಾಯಿಸಿದ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಸಾರ್ಟಾನ್‌ನಲ್ಲಿ ಈ ಕೆಮ್ಮು ಅಪರೂಪ. ಅದಕ್ಕೇ ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತಾರೆ. ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆ. ಅಪರೂಪ, ಆದರೆ ಉಸಿರುದಾರಿ ಮುಚ್ಚಬಹುದು.

ಇನ್ನು ಕಿಡ್ನಿ ವಿಷಯ. ಕಿಡ್ನಿಯನ್ನು ನಿಧಾನವಾಗಿ ಹಾಳು ಮಾಡುವುದು ಏರಿದ ಬಿಪಿ. ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ ಕಿಡ್ನಿ ಉಳಿಸಲೆಂದೇ ಈ ಗುಂಪಿನ ಮಾತ್ರೆ ಕೊಡುತ್ತಾರೆ. ಗೊಂದಲ ಎಲ್ಲಿಂದ ಬರುತ್ತದೆ ಅಂದರೆ, ಮಾತ್ರೆ ಶುರುವಾದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಶೋಧಿಸಿ ಹೊರಹಾಕಬೇಕಾದ ಕಸ. ಮೊದಲಿದ್ದದ್ದಕ್ಕಿಂತ ಶೇ. 30ರೊಳಗಿನ ಏರಿಕೆಯನ್ನು ಡಾಕ್ಟರ್‌ಗಳು ಸಾಮಾನ್ಯವಾಗಿ ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿಯಾದರೆ ಅಥವಾ ಪೊಟ್ಯಾಸಿಯಂ ಏರಿದರೆ ಮಾತ್ರೆಯ ಬಗ್ಗೆ ಮತ್ತೆ ಯೋಚಿಸುತ್ತಾರೆ. ಆದ್ದರಿಂದ ಶುರು ಮಾಡಿದ, ಅಥವಾ ಪ್ರಮಾಣ ಏರಿಸಿದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಬೇಕು. ಅವರು ಬರೆದುಕೊಡದಿದ್ದರೆ ನೀವೇ ಕೇಳಿ.

ಬಸುರಿಯರು, ಮಗು ಬೇಕೆಂದು ಯೋಚಿಸುತ್ತಿರುವವರು ಪ್ರಿಲ್, ಸಾರ್ಟಾನ್ ಎರಡನ್ನೂ ತಗೊಳ್ಳುವಂತಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ಪೆಟ್ಟು. ಮುಟ್ಟು ನಿಂತಿದ್ದು ಗೊತ್ತಾದ ದಿನವೇ ಡಾಕ್ಟರಿಗೆ ತಿಳಿಸಿ. ಲ್ಯಾಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾದಂಥ ಬೇರೆ ಮಾತ್ರೆಗಳಿವೆ.

*ಮೂತ್ರ ಹೆಚ್ಚಿಸುವ ಮಾತ್ರೆಗಳು.* ರಕ್ತದಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಇಳಿಯಬಹುದು. ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳ ಕೀಲು ಕೆಂಪಾಗಿ ನೋಯಬಹುದು, ಸಕ್ಕರೆ ಸ್ವಲ್ಪ ಏರಬಹುದು. ನನಗೆ ಹೆಚ್ಚು ಕಾಳಜಿ ಇರುವುದು ವಯಸ್ಸಾದವರ ಬಗ್ಗೆ. ಸೋಡಿಯಂ ಇಳಿದಾಗ ಅಜ್ಜಿ ಮಂಕಾಗುತ್ತಾರೆ, ಏನೇನೋ ಮಾತಾಡುತ್ತಾರೆ, ನಡೆಯುವಾಗ ಓಲಾಡುತ್ತಾರೆ. ಮನೆಯವರು "ವಯಸ್ಸಾಯ್ತಲ್ಲ" ಅಂತ ಬಿಟ್ಟುಬಿಡುತ್ತಾರೆ. ಈ ಗುಂಪಿನ ಮಾತ್ರೆ ತಗೊಳ್ಳುವ ಹಿರಿಯರಿಗೆ ಹೀಗಾದರೆ ಮೊದಲು ಸೋಡಿಯಂ ಪರೀಕ್ಷೆ ಮಾಡಿಸಿ.

*ಲಾಲ್ ಗುಂಪು.* ಸುಸ್ತು, ಕೈಕಾಲು ತಣ್ಣಗಾಗುವುದು, ನಾಡಿ ನಿಧಾನ. ಅಸ್ತಮಾ ಇದ್ದರೆ ಉಬ್ಬಸ ಜಾಸ್ತಿಯಾಗಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಸಕ್ಕರೆ ಕುಸಿದಾಗ ಬರುವ ಎದೆ ಡವಡವ, ನಡುಕ ಗೊತ್ತಾಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಹೃದಯದ ಕಾಯಿಲೆ ಇದ್ದವರಿಗೆ ಇವು ಬಹಳ ಒಳ್ಳೆಯ ಮಾತ್ರೆ, ಬರೀ ಬಿಪಿಗೆ ಈಗ ಮೊದಲ ಆಯ್ಕೆಯಲ್ಲ.

*ಪ್ರಾಜೋಸಿನ್.* ಮೇಲಿನ ಗುಂಪುಗಳಿಗೆ ಸೇರದ ಇನ್ನೊಂದು ಬಿಪಿ ಮಾತ್ರೆ. ಮೊದಲ ಡೋಸ್‌ನಲ್ಲೇ ತಲೆ ಸುತ್ತಿ ಬೀಳಬಹುದು. ಮಲಗುವ ಹೊತ್ತಿಗೆ ತಗೊಳ್ಳಿ, ರಾತ್ರಿ ಏಳುವಾಗ ನಿಧಾನ.

4. ಮನೆಯಲ್ಲಿ ಸರಿಯಾಗಿ ಅಳೆಯಿರಿ

ಮಾತ್ರೆ ಸಾಕೋ, ಜಾಸ್ತಿಯಾಯಿತೋ ಅಂತ ಹೇಳಬೇಕಾದ್ದು ಅಂಕಿ. ಅಂಕಿಯೇ ತಪ್ಪಾದರೆ ಮಾತ್ರೆಯೂ ತಪ್ಪುತ್ತದೆ.

ಅಳೆಯುವ ಅರ್ಧ ಗಂಟೆ ಮೊದಲಿಂದ ಕಾಫಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಕೂರಿ, ಪಾದ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಪಟ್ಟಿಯನ್ನು ಬಟ್ಟೆ ಮೇಲೆ ಕಟ್ಟಬೇಡಿ. ಅಳೆಯುವಾಗ ಮಾತು ಬೇಡ, ಟಿವಿ ಧಾರಾವಾಹಿಯೂ ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಎರಡನ್ನೂ ಬರೆಯಿರಿ. ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಒಮ್ಮೆ, ಸಂಜೆ ಒಮ್ಮೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ದಾಟಿದರೆ ಜಾಸ್ತಿ ಎಂದು ಲೆಕ್ಕ. ಕ್ಲಿನಿಕ್‌ನಲ್ಲಿ ಅದೇ ಗಡಿ 140/90.

ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಇದ್ದಂತೆ ಕಾಣುತ್ತದೆ. ತೋಳಿನ ಸುತ್ತಳತೆ ನೋಡಿ ಪಟ್ಟಿ ಕೊಳ್ಳಿ.

60 ದಾಟಿದವರು ಇನ್ನೊಂದು ಮಾಡಿ. ಕೂತು ಅಳೆದ ಮೇಲೆ ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಅಳೆಯಿರಿ. ಹತ್ತಿರದಲ್ಲಿ ಯಾರಾದರೂ ಇರಲಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಕುಸಿದರೆ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಇದೆ. ಇದನ್ನು ಬರೆದು ಡಾಕ್ಟರಿಗೆ ತೋರಿಸಿದರೆ ಮಾತ್ರೆ ಹೊಂದಿಸುತ್ತಾರೆ. ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸ್ಪ್ರಿಂಟ್ ಅಧ್ಯಯನದಲ್ಲಿ ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟವರಲ್ಲಿ ಹೃದಯದ ತೊಂದರೆ, ಸಾವು ಕಡಿಮೆಯಾದವು. ಆದರೆ ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು, ಕಿಡ್ನಿಗೆ ದಿಢೀರ್ ಪೆಟ್ಟು ಜಾಸ್ತಿಯಾದವು. ಹಾಗಾಗಿ "ನನ್ನ ಗುರಿ ಎಷ್ಟು?" ಅಂತ ಕೇಳಿ ತಿಳಿಯಿರಿ. ಪಕ್ಕದ ಮನೆಯವರ ಗುರಿ ನಿಮ್ಮದಲ್ಲ.

5. ಹೊತ್ತು ನಿಗದಿ ಮಾಡಿ

ಬೆಳಿಗ್ಗೆಯೋ ರಾತ್ರಿಯೋ? ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಟೈಮ್ ಅಧ್ಯಯನ (2022) ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಮರೆಯದ ಹೊತ್ತೇ ಸರಿಯಾದ ಹೊತ್ತು. ಮೂತ್ರ ಹೆಚ್ಚಿಸುವ ಮಾತ್ರೆ ಮಾತ್ರ ಬೆಳಿಗ್ಗೆ ಇರಲಿ, ಇಲ್ಲವಾದರೆ ನಿದ್ದೆ ಕೆಡುತ್ತದೆ. ಮರೆತರೆ ನೆನಪಾದಾಗ ತಗೊಳ್ಳಿ. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ನುಂಗಬೇಡಿ.

6. ಜೊತೆಗೆ ಏನು ಸೇರಬಾರದು ಅಂತ ನೋಡಿ

ಮೊದಲನೆಯದು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಇವು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಶಕ್ತಿ ಕುಗ್ಗಿಸುತ್ತವೆ. ಸಾರ್ಟಾನ್ ಅಥವಾ ಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಟ್ಟಾದರೆ ಕಿಡ್ನಿ ಏಕಾಏಕಿ ಸೋಲಬಹುದು. "ಎಚ್" ಇರುವ ಸಾರ್ಟಾನ್ ಮಾತ್ರೆಯಲ್ಲಿ ಮೊದಲೆರಡು ಆಗಲೇ ಇವೆ ಅನ್ನುವುದು ನೆನಪಿರಲಿ. ಮಂಡಿ ನೋವಿಗೆ ಅಂಗಡಿಯಲ್ಲಿ ಕೇಳುವಾಗ "ನನಗೆ ಬಿಪಿ ಮಾತ್ರೆ ಇದೆ" ಅನ್ನುವುದನ್ನು ಮೊದಲ ಮಾತಾಗಿ ಹೇಳಿ.

ಎರಡನೆಯದು ಪೊಟ್ಯಾಸಿಯಂ. "ಲೋ ಸೋಡಿಯಂ" ಉಪ್ಪಿನಲ್ಲಿ ಸೋಡಿಯಂ ಬದಲು ಒಂದು ಪಾಲು ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ಚೆನ್ನಾಗಿರುವವರಿಗೆ ಅದು ಒಳ್ಳೆಯದೇ. ಆದರೆ ಸಾರ್ಟಾನ್, ಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ (ಮೂತ್ರ ಹೆಚ್ಚಿಸಿದರೂ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುವ ಮಾತ್ರೆ) ತಗೊಳ್ಳುವವರು, ಅದರಲ್ಲೂ ಕಿಡ್ನಿ ಸೊರಗಿರುವವರು, ಕೇಳದೆ ಬಳಸಬೇಡಿ. ದಿನಾ ಎರಡು ಮೂರು ಎಳನೀರು ಕುಡಿಯುವ ಅಭ್ಯಾಸ ಇದ್ದರೂ ಹೇಳಿ. ಪೊಟ್ಯಾಸಿಯಂ ತುಂಬಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ನೆಗಡಿ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್, ನೀರಿಗೆ ಹಾಕಿದರೆ ಬುಸ್ ಅನ್ನುವ ಸೋಡಾ ಪುಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇವೆಲ್ಲ ಬಿಪಿ ಏರಿಸುವ ಕಡೆಯವು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

"ನಾಟಿ ಔಷಧ ತಾನೆ, ಏನಾಗುತ್ತೆ?" ಅನ್ನುವವರಿಗೆ ಎರಡು ಉದಾಹರಣೆ. ಕಷಾಯಕ್ಕೆ ಹಾಕುವ ಅತಿಮಧುರವನ್ನು ದಿನಾ ಬಳಸಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಸರ್ಪಗಂಧಿ ಇದಕ್ಕೆ ತದ್ವಿರುದ್ಧ, ಬಿಪಿಯನ್ನು ನಿಜವಾಗಿಯೂ ಇಳಿಸುತ್ತದೆ. ಮುಂಬೈನ ಡಾ. ರುಸ್ತುಂ ಜಲ್ ವಕೀಲ್ 1949ರಲ್ಲಿ ಅದರ ಬಗ್ಗೆ ಬರೆದ ಮೇಲೆಯೇ ಜಗತ್ತಿನ ಗಮನ ಆ ಗಿಡದ ಕಡೆ ಹರಿದದ್ದು. ಅಷ್ಟು ಶಕ್ತಿ ಇರುವುದಕ್ಕೇ ಹೇಳುತ್ತಿದ್ದೇನೆ, ಬಿಪಿ ಮಾತ್ರೆಯ ಜೊತೆ ಸದ್ದಿಲ್ಲದೆ ಸೇರಿಸಿದರೆ ಬಿಪಿ ಕುಸಿಯಬಹುದು, ಮನಸ್ಸು ಖಿನ್ನವಾಗಬಹುದು. ತಗೊಳ್ಳುವುದಾದರೆ ಎರಡೂ ಕಡೆಯ ವೈದ್ಯರಿಗೆ ತಿಳಿದಿರಲಿ.

7. ವಾಂತಿ, ಭೇದಿ, ಉಪವಾಸದ ದಿನಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ

ದೇಹದ ನೀರು ಹೋಗುತ್ತಿರುವಾಗ ಸಾರ್ಟಾನ್, ಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆ ಮುಂದುವರಿಸಿದರೆ ಬಿಪಿ ಕುಸಿದು ಕಿಡ್ನಿಗೆ ರಕ್ತ ಸಾಲದಾಗಬಹುದು. ಇಂಥ ದಿನ ಒಂದೆರಡು ದಿನದ ಮಟ್ಟಿಗೆ ನಿಲ್ಲಿಸಿ, ಊಟ ನೀರು ಸರಿಹೋದ ಮೇಲೆ ಮತ್ತೆ ಶುರು ಮಾಡಿ ಅಂತ ಹಲವು ಡಾಕ್ಟರ್‌ಗಳು ಹೇಳುತ್ತಾರೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಾರದು ಅನ್ನುವುದನ್ನು ಚೀಟಿಯ ಹಿಂದೆ ಬರೆಸಿಟ್ಟುಕೊಳ್ಳಿ. ಭೇದಿ ಶುರುವಾದ ರಾತ್ರಿ ಹುಡುಕುವ ಪಾಡು ಬೇಡ. ನೀರೂ ಕುಡಿಯದ ಉಪವಾಸ, ರಂಜಾನ್, ಕಲಬುರಗಿ ರಾಯಚೂರಿನ ಏಪ್ರಿಲ್ ಬಿಸಿಲು, ಇವಕ್ಕೂ ಇದೇ ಮಾತು.

8. ನಿಲ್ಲಿಸುವ ಯೋಚನೆ ಬಂದರೆ

124 ಬಂದಿರುವುದು ಮಾತ್ರೆ ತಗೊಂಡಿದ್ದಕ್ಕೆ. ಬಿಟ್ಟರೆ ಹೆಚ್ಚಿನವರಿಗೆ ಕೆಲವು ದಿನ ಅಥವಾ ವಾರಗಳಲ್ಲಿ ಮತ್ತೆ ಏರುತ್ತದೆ, ಸದ್ದಿಲ್ಲದೆ. ಅಟೆನಲಾಲ್, ಮೆಟೊಪ್ರೊಲಾಲ್ ಥರದವನ್ನು ದಿಢೀರ್ ಬಿಟ್ಟರೆ ನಾಡಿ ಓಡುತ್ತದೆ, ಹೃದಯದ ಕಾಯಿಲೆ ಇರುವವರಿಗೆ ಎದೆನೋವು ಬರಬಹುದು. ಕ್ಲೋನಿಡಿನ್ ಅನ್ನುವ ಇನ್ನೊಂದು ಬಿಪಿ ಮಾತ್ರೆಯನ್ನು ಹೀಗೆ ಬಿಡುವುದು ಇನ್ನೂ ಅಪಾಯ, ಒಂದೆರಡು ದಿನದಲ್ಲೇ ಬಿಪಿ ಮೊದಲಿಗಿಂತ ಮೇಲಕ್ಕೆ ಚಿಮ್ಮಬಹುದು. ಊರಿಗೆ, ಮದುವೆಗೆ, ಯಾತ್ರೆಗೆ ಹೊರಟಾಗ ಇವು ಮನೆಯಲ್ಲೇ ಉಳಿಯದಂತೆ ನೋಡಿಕೊಳ್ಳಿ.

ಹಾಗಂತ "ಜೀವನಪೂರ್ತಿ" ಅನ್ನುವುದು ಎಲ್ಲರಿಗೂ ಬರೆದಿಟ್ಟ ತೀರ್ಪಲ್ಲ. ತೂಕ ಚೆನ್ನಾಗಿ ಇಳಿಸಿದವರಿಗೆ, ಉಪ್ಪು, ಕುಡಿತ ಕಡಿಮೆ ಮಾಡಿದವರಿಗೆ, ವಯಸ್ಸಾಗಿ ತೂಕ ಕಳೆದುಕೊಂಡು ನಿಂತರೆ ತಲೆಸುತ್ತುವವರಿಗೆ ಪ್ರಮಾಣ ಇಳಿಸುತ್ತಾರೆ, ಕೆಲವರಿಗೆ ಪೂರ್ತಿ ನಿಲ್ಲಿಸುವುದೂ ಉಂಟು. ಮನೆಯ ಅಂಕಿಗಳ ನೋಟ್‌ಬುಕ್ ಹಿಡಿದು "ಇಳಿಸಬಹುದಾ?" ಅಂತ ನೇರವಾಗಿ ಕೇಳಿ. ಒಂದೊಂದಾಗಿ, ನಿಧಾನವಾಗಿ ಇಳಿಸಿ, ಆಮೇಲೂ ಕೆಲವು ತಿಂಗಳು ಅಳೆಯುತ್ತಿರಬೇಕು.

9. ಅಂಕಿ ತುಂಬಾ ಜಾಸ್ತಿ ಬಂದಾಗ

180/120 ದಾಟಿತು ಅನ್ನಿ. ಗಾಬರಿಯಾಗದೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಮೈಯಲ್ಲಿ ಯಾವ ತೊಂದರೆಯೂ ಇಲ್ಲದೆ ಅಂಕಿ ಮಾತ್ರ ಹಾಗೇ ಇದ್ದರೆ ಅದೇ ದಿನ ಡಾಕ್ಟರನ್ನು ಕಾಣಿ. ನೀವಾಗಿಯೇ ಇನ್ನೊಂದು ಮಾತ್ರೆ ನುಂಗಬೇಡಿ. ನಾಲಿಗೆ ಕೆಳಗೆ ನಿಫೆಡಿಪಿನ್ ಇಡುವ ಹಳೇ ಪದ್ಧತಿ ಬೇಡವೇ ಬೇಡ. ಬಿಪಿ ಒಮ್ಮೆಲೇ ಕುಸಿದು ಪಾರ್ಶ್ವವಾಯು, ಹೃದಯಾಘಾತ ಆದದ್ದರಿಂದಲೇ ಅದನ್ನು ಕೈಬಿಟ್ಟದ್ದು.

ಎದೆನೋವು, ಉಸಿರಾಟದ ಕಷ್ಟ, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಇಲ್ಲಿ ಅಂಕಿ ಎಷ್ಟು ಅನ್ನುವುದಕ್ಕೆ ಕಾಯಬೇಡಿ. ಪಾರ್ಶ್ವವಾಯುವಿನ ಲಕ್ಷಣ ಕಂಡರೆ ಬಿಪಿ ಇಳಿಸಲು ಮನೆಯಲ್ಲಿ ಮಾತ್ರೆ ಕೊಡಬೇಡಿ, ನೀರೂ ಕುಡಿಸಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೊನೆಯ ಸಲ ಅವರು ಸರಿಯಾಗಿದ್ದ ಹೊತ್ತು ಎಷ್ಟು ಅಂತ ಬರೆದುಕೊಂಡು ಹೋಗಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಆ ಹೊತ್ತಿನಿಂದ ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ಸ್ಕ್ಯಾನ್ ಸೌಲಭ್ಯ ಇರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಲು ಆಂಬ್ಯುಲೆನ್ಸ್‌ನವರಿಗೆ ಹೇಳಿ.